ಗುರಣ್ಣನ ಗುಳಗಿಯ ಪಾಳಿ

ಮೇ ತಿಂಗಳಲ್ಲಿ ಬಸವನ ಬಾಗೇವಾಡಿ ತಾಲೂಕಿನಲ್ಲಿ ಸ್ವೆಟರ್ ಹಾಕಿಕೊಂಡ ಮನುಷ್ಯನನ್ನು ಯಾರಾದರೂ ಕಂಡಿದ್ದರೆ ಅವನು ನಮ್ಮ ಗುರಣ್ಣನೇ ಸೈ. ಆ ತಿಂಗಳು ನಮ್ಮ ಕಡೆ ಕಾಗೆಗಳು ಕೂಡ ಬೇವಿನ ನೆರಳು ಬಿಟ್ಟು ಹಾರುವುದಿಲ್ಲ. ಮಾಸ್ತರಿಕೆಯ ಮರ್ಯಾದೆ ಕಾಯಬೇಕಾದ ನಾನೇ ಬರೀ ಬನಿಯನ್ನಿನಲ್ಲಿ ಓಣಿಗೆ ಬರುತ್ತೇನೆ. ಅಂಥದರಲ್ಲಿ ಗುರಣ್ಣ ಕೆಂಪು ಉಣ್ಣೆಯ ಸ್ವೆಟರ್ ತೊಟ್ಟು, ಕಿವಿ ಮುಚ್ಚುವಂತೆ ಟವೆಲ್ಲು ಸುತ್ತಿ, ಬಿಸಿಲಿಗೆ ರೊಟ್ಟಿಯ ಹಂಚಿನಂತೆ ಕಾದ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ: "ಯಾಕೋ ಥಂಡಿ ಬಿದ್ದಂಗ ಐತಲ್ರಿ ಮಾಸ್ತರ?"

ನಾನು ಬೆವರು ಒರೆಸಿಕೊಳ್ಳುತ್ತ "ಹೌದಪಾ, ಸ್ವಲ್ಪ ಐತಿ" ಎನ್ನುತ್ತಿದ್ದೆ. ನಮ್ಮ ಹೊಲದ ನೀರು ಯಾರ ಕೈಯಲ್ಲಿದೆಯೋ ಅವರೊಂದಿಗೆ ಹವೆಯ ವಿಷಯದಲ್ಲಿ ವಾದ ಮಾಡಬಾರದು.

ಅವನ ಕೈಯಲ್ಲಿ ನೀರಿತ್ತು ಎಂಬುದು ಅಲಂಕಾರದ ಮಾತಲ್ಲ. ಮುಳವಾಡ ಏತ ನೀರಾವರಿಯ ನೀರು ಪಂಪುಗಳ ಬಲದಿಂದ ಗುಡ್ಡ ಹತ್ತಿ, ದೊಡ್ಡ ಕಾಲುವೆ ಹಿಡಿದು ಬಂದು, ನಮ್ಮೂರ ಸಣ್ಣ ಕಾಲುವೆಯ ಬಾಯಿಗೆ ನಿಲ್ಲುತ್ತದೆ. ಅಲ್ಲೊಂದು ಕಬ್ಬಿಣದ ಗೇಟು, ಗೇಟಿಗೊಂದು ಗಾಲಿ. ಆ ಗಾಲಿ ತಿರುಗಿಸುವ ದಿನಗೂಲಿಯವನು ಗುರಣ್ಣ. ಅವನಿಗೆ ಹೊಲವಿಲ್ಲ, ಎತ್ತಿಲ್ಲ. ಇರುವುದು ಹೆಂಡತಿ ಯಶೋಧಾ ಮತ್ತು ಆ ಗಾಲಿ. ಕಾಲುವೆಯ ತಲೆಗೆ ಶಹಾಬುದ್ದೀನಸಾಬರ ಕಬ್ಬು. ಬಾಲಕ್ಕೆ ಮಾಳಿಂಗನ ತೊಗರಿ. ಅದು ನೀರಿಗಿಂತ ಹೆಚ್ಚಾಗಿ ನಂಬಿಕೆಯ ಮೇಲೆ ಬೆಳೆಯುತ್ತಿತ್ತು. ನಡುವೆ ನನ್ನ ಎರಡೆಕರೆ ಉಳ್ಳಾಗಡ್ಡಿ, ಯಾರ ಲೆಕ್ಕಕ್ಕೂ ಇಲ್ಲದ್ದು.

ಯಾರ ಹೊಲಕ್ಕೆ ಯಾವ ದಿನ ನೀರು ಎಂಬ ಪಾಳಿಯನ್ನು ಇಲಾಖೆಯೇ ಗೊತ್ತು ಮಾಡಿತ್ತು. ಆದರೆ ನಮ್ಮೂರು ಇಲಾಖೆಯನ್ನು ನಂಬುವುದಿಲ್ಲ, ಚಹಾವನ್ನು ನಂಬುತ್ತದೆ. ಪಾಳಿ ಇದ್ದವರ ಮನೆಗೆ ಗುರಣ್ಣ ನಸುಕಿನಲ್ಲಿ ಬರಬೇಕು, ದಿನದ ಮೊದಲ ಚಹಾ ಅಲ್ಲಿ ಕುಡಿಯಬೇಕು, ಆಮೇಲೆ ಗೇಟಿಗೆ ಹೋಗಬೇಕು. ಚಹಾ ಅವನ ಗಂಟಲಿಗಿಳಿದ ಮೇಲೆಯೇ ಪಾಳಿ ಶುರುವಾಯಿತೆಂದು ಊರು ಒಪ್ಪುತ್ತಿತ್ತು. ಒಮ್ಮೆ ಒಂದು ಮನೆಯಲ್ಲಿ ಹಾಲು ಒಡೆದುಹೋಯಿತು. ಕಾಲುವೆ ತುಂಬಿ ಹರಿಯುತ್ತಿತ್ತು. ಮನೆಯವರು ಮಾತ್ರ ಹೊಲಕ್ಕೆ ನೀರು ತಿರುಗಿಸಿಕೊಳ್ಳದೆ, ಎಮ್ಮೆ ಇನ್ನೊಮ್ಮೆ ಹಾಲು ಕೊಡುವವರೆಗೆ ಬದುವಿನ ಮೇಲೆ ಕುಳಿತಿದ್ದರು.

ಗುರಣ್ಣನಂತೂ ಯಾರ ಮನೆಯ ಚಹಾಕ್ಕೂ ಬೇಡವೆಂದವನಲ್ಲ. ಬೇಡ ಎನ್ನುವ ಮಾತೇ ಅವನ ಬಾಯಲ್ಲಿ ಇರಲಿಲ್ಲ.

ಅವನ ಕುತ್ತಿಗೆಯ ಬಾವನ್ನು ಮೊದಲು ಕಂಡವನು ಮಾಳಿಂಗ. ಅವನದು ಕುರಿ ಕಾಯುವ ಮನೆತನ. ಮನುಷ್ಯರನ್ನೂ ಮುಖಕ್ಕಿಂತ ಮೊದಲು ಕುತ್ತಿಗೆಯಿಂದ ನೋಡುತ್ತಾನೆ. ಒಂದು ದಿನ ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದ ಗುರಣ್ಣನ ಟವೆಲ್ಲು ಜಾರಿತು.

"ಏನೋ ದೋಸ್ತ, ಇಂಡಿ ಲಿಂಬಿಕಾಯಿ ಇಡೀದ ನುಂಗೀಯೇನು? ಗುಟಕರಿಸಿದ್ರ ಏರಿಳಿಯಾಕತ್ತೈತಿ."

ನಾವೆಲ್ಲ ಸುತ್ತುವರಿದು ಗುರಣ್ಣನಿಗೆ ಮತ್ತೆ ಮತ್ತೆ ನೀರು ಕುಡಿಸಿ ನೋಡಿದೆವು. ನಿಜ, ನುಂಗಿದಾಗ ಗಂಟಲಿನ ಮುಂದಿನ ಬಾವು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಒಂದು ಕೊಡ ನೀರು ಮುಗಿಯುವ ಹೊತ್ತಿಗೆ ಕಾರಣಗಳೂ ಸಿಕ್ಕಿದ್ದವು.

ಶಹಾಬುದ್ದೀನಸಾಬರು ಗಡ್ಡ ನೀವಿಕೊಂಡು ಹೇಳಿದರು, "ಹೊಳಿ ನೀರು ಕೆಳಕ್ಕ ಹರೀಬೇಕು. ಅದನ್ನ ಪಂಪ ಹಚ್ಚಿ ಗುಡ್ಡಾ ಏರಸ್ಯಾರ. ಅಂಥಾ ನೀರ ಕುಡದ್ರ ಹೊಟ್ಟ್ಯಾಗ ಇಳೀತೈತೇನು? ಗಂಟಲದಾಗ ನಿಂತೈತಿ."

"ಉಪ್ಪ ಕಡಿಮಿ ಆಗೇತ್ರಿ ಸಾಬ್ರ," ಎಂದ ಮಾಳಿಂಗ. "ಕುರಿಗೆ ನಾವು ಉಪ್ಪ ನೆಕ್ಕಸ್ತೇವಿ. ಇವಗ ಯಾರ ನೆಕ್ಕಸ್ತಾರ?"

ನಾನು ಮೊಬೈಲು ತೆಗೆದು, ಕನ್ನಡಕ ಏರಿಸಿ, ಎಲೆಕೋಸು ಹೆಚ್ಚು ತಿಂದರೆ ಹೀಗಾಗುವುದುಂಟೆಂದು ಘೋಷಿಸಿದೆ. ಗುರಣ್ಣ ಎಲೆಕೋಸು ತಿನ್ನುವುದು ಲಗ್ನದ ಊಟದಲ್ಲಿ ಮಾತ್ರ, ಆ ವರ್ಷ ಊರಲ್ಲಿ ಒಂದೂ ಲಗ್ನವಾಗಿರಲಿಲ್ಲ. ಯಾರೂ ನನ್ನನ್ನು ತಿದ್ದಲಿಲ್ಲ. ಮಾಸ್ತರರ ಮಾತನ್ನು ಕೇಳದಿರುವುದು ನಮ್ಮೂರಲ್ಲಿ ಗೌರವದ ಒಂದು ಬಗೆ.

ಯಶೋಧಾ ಕಟ್ಟೆಯ ಎದುರಿನ ತನ್ನ ಮನೆಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ನೀರೂ ಅಲ್ಲ, ಉಪ್ಪೂ ಅಲ್ಲ. ನೀವೆಲ್ಲಾ ಬೈದದ್ದ ನುಂಗ್ಕೋಂತ ಬಂದಾರ ಇವರು. ದಿನಕ್ಕ ಒಂದರ ಉಗಳಿದ್ರ ಇಷ್ಟ ದೊಡ್ಡದ ಆಗ್ತಿದ್ದಿಲ್ಲ. ನಾಳೆ ದವಾಖಾನಿಗೆ ಹೋಗೂದ."

ಮರುದಿನ ಬಾಗೇವಾಡಿಯ ದವಾಖಾನೆಗೆ ಅವರೊಂದಿಗೆ ನಾನೂ ಹೋದೆ. ಗುರಣ್ಣನ ಮೇಲಿನ ಪ್ರೀತಿಯಿಂದ ಎಂದು ಹೇಳಿದ್ದೆ. ಥೈರಾಯಿಡ್ ಇದ್ದವರಿಗೆ ಮೈ ಬರುತ್ತದೆಂದು ಮೊಬೈಲಿನಲ್ಲೇ ಓದಿದ್ದೆನಾದ್ದರಿಂದ, ನನ್ನ ಹೊಟ್ಟೆಗೂ ಒಂದು ಮಾನವಂತ ಕಾರಣ ಸಿಗಬಹುದೆಂಬ ಆಸೆಯೂ ಇತ್ತು.

ಡಾಕ್ಟರ್ ಬುಶ್ರಾ ಮುದ್ದೇಬಿಹಾಳದವರು, ಚುರುಕು ಮಾತಿನವರು. ಗುರಣ್ಣನ ಹಿಂದೆ ನಿಂತು ಎರಡೂ ಕೈಯಿಂದ ಕುತ್ತಿಗೆ ಮುಟ್ಟಿ, ನೀರು ನುಂಗಿಸಿ ನೋಡಿದರು. ಥಂಡಿ ಆಗುತ್ತದೆಯೇ, ನಿದ್ದೆ ಹೆಚ್ಚೇ, ಮಲಬದ್ಧತೆ ಇದೆಯೇ, ಧ್ವನಿ ಗೊಗ್ಗರಾಗಿದೆಯೇ ಎಂದು ಕೇಳಿದರು. ಗುರಣ್ಣ ಎಲ್ಲದಕ್ಕೂ "ಹೌದ್ರಿ" ಎಂದ. ಅವನು ಯಾವಾಗಲೂ ಎಲ್ಲದಕ್ಕೂ ಹಾಗೇ ಅನ್ನುವವನಾದ್ದರಿಂದ ಯಶೋಧಾ ಪ್ರತಿಯೊಂದಕ್ಕೂ ಬೇರೆಯಾಗಿ ತಲೆಯಾಡಿಸಬೇಕಾಯಿತು. ಅವನ ರಕ್ತ ತೆಗೆದರು, ನಾನು ಕೇಳಿಕೊಂಡದ್ದಕ್ಕೆ ನನ್ನದನ್ನೂ ತೆಗೆದರು, ಅವನನ್ನು ಸ್ಕ್ಯಾನಿಂಗಿಗೆ ಕಳಿಸಿದರು. ವರದಿ ಬಂದ ದಿನ ಮತ್ತೆ ಮೂವರೂ ಹೋಗಿ ಕುಳಿತೆವು.

"ಉಪ್ಪಿನಾಗಿನ ಅಯೋಡಿನ್ ಕಡಿಮಿ ಆದ್ರೂ ಬಾವು ಬರ್ತೈತಿ," ಎಂದರು ಡಾಕ್ಟರು. "ಒಳಗ ಗಂಟ ಬೆಳದ್ರೂ ಬರ್ತೈತಿ, ಗ್ರಂಥಿ ಹೆಚ್ಚ ಕೆಲಸಾ ಮಾಡಿದ್ರೂ ಬರ್ತೈತಿ. ನಿಮ್ಮದು ಅವು ಯಾವೂ ಅಲ್ಲ. ಕೆಟ್ಟ ಗಂಟೂ ಇಲ್ಲ, ಹೆದರಬ್ಯಾಡ್ರಿ. ರೋಗದ ಮ್ಯಾಲ ಬೀಳಬೇಕಾದ ಮೈಯಾಗಿನ ಕಾವಲುಗಾರರು ನಿಮ್ಮ ಗ್ರಂಥಿ ಮ್ಯಾಲನ ಬಿದ್ದಾರ. ಅದು ಕೆಲಸಾ ಬಿಟ್ಟೈತಿ."

"ಅವರಿಗೆ ನಾ ಏನ ಮಾಡೇನ್ರಿ ಮೇಡಂ?"

"ಏನೂ ಮಾಡಿಲ್ಲ. ಸುಮ್ಮಸುಮ್ಮನ ಬೀಳ್ತಾರ."

"ಊರಾಗೂ ಹಂಗ ಐತ್ರಿ," ಎಂದ ಗುರಣ್ಣ, ಸಮಾಧಾನವಾದವನಂತೆ.

ಮಿದುಳಿನ ಬುಡದ ಇನ್ನೊಂದು ಗ್ರಂಥಿ ಈ ಗ್ರಂಥಿಗೆ ಕೆಲಸ ಮಾಡು ಎಂದು ಸುದ್ದಿ ಕಳಿಸುತ್ತಲೇ ಇರುತ್ತದೆ, ಅದಕ್ಕೂ ಇದು ಊದುತ್ತದೆ ಎಂದು ಅವರು ವಿವರಿಸಿದರು. ನನಗೆ ಅರ್ಧ ತಿಳಿಯಿತು. ಗುರಣ್ಣನಿಗೆ ಪೂರ್ತಿ ತಿಳಿಯಿತು, ಊರಿಗೆ ಬಂದು ಎಲ್ಲರಿಗೂ ಹೀಗೆ ಹೇಳಿದ: "ತಲಿಯಾಗಿನ ಸಾಹೇಬ ಫೋನ ಮ್ಯಾಲ ಫೋನ ಹಚ್ಚಾಕತ್ತಾನ. ಗಂಟಲದಾಗಿನ ಗೇಟಿನಂವ ಮಲಗ್ಯಾನ. ಫೋನ ಹೊಡದ ಹೊಡದ ಗಂಟಲ ಬಾತೈತಿ."

ಡಾಕ್ಟರು ಕೊಟ್ಟದ್ದು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗುಳಗಿ. "ನಸಕಿನ್ಯಾಗ ಖಾಲಿ ಹೊಟ್ಟಿಲೆ, ಬರೇ ನೀರಾಗ ನುಂಗಬೇಕು. ಆಮ್ಯಾಲ ಒಂದ ತಾಸ ಚಾ ಇಲ್ಲ, ಏನೂ ಇಲ್ಲ. ಜೀವನಪೂರ್ತಿ."

ಜೀವನಪೂರ್ತಿ ಎಂಬ ಮಾತಿಗೆ ಗುರಣ್ಣ ಅಂಜಲಿಲ್ಲ. ಚಹಾದ ಮಾತಿಗೆ ಮುಖ ಬಿಳಿಚಿತು. "ಬ್ಯಾರೆ ಏನರ ಬಿಡಂತ ಹೇಳ್ರಿ ಮೇಡಂ. ಊಟಾ ಬಿಡ್ತೇನಿ."

"ಊಟಾ ಬಿಡಬೇಕಾದವರು ಇವರು," ಎಂದು ಡಾಕ್ಟರು ನನ್ನ ವರದಿಯನ್ನು ನನ್ನ ಕೈಗೆ ಕೊಟ್ಟರು. ನನ್ನ ಥೈರಾಯಿಡ್ ತಾಲೂಕಿಗೇ ಮಾದರಿಯಾಗುವಷ್ಟು ಚೆನ್ನಾಗಿತ್ತು. ಅಂದಿನಿಂದ ನನ್ನ ಹೊಟ್ಟೆ ನನ್ನದೇ ಜವಾಬ್ದಾರಿ.

ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರು. ಮೊದಲ ಪಾಳಿ ಶಹಾಬುದ್ದೀನಸಾಬರದು. ಗುರಣ್ಣ ಮನೆಯಲ್ಲಿ ಗುಳಗಿ ನುಂಗಿ ಅವರ ಪಡಸಾಲೆಗೆ ಹೋದ. ಸಾಬರ ಹೆಂಡತಿ ಅಮೀನಾಬಿ ಶುಂಠಿ ಜಜ್ಜಿ ಮಾಡಿದ ಚಹಾ ತಂದಿಟ್ಟರು. ಗುರಣ್ಣ ಕಪ್ಪನ್ನು ನೋಡಿದ, ಸಾಬರನ್ನು ನೋಡಿದ, ಬಾಗಿಲ ಕಡೆ ನೋಡಿದ.

"ಆಮ್ಯಾಲ ಕುಡೀತೇನ್ರಿ ಸಾಬ್ರ."

ಸಾಬರು ತಮ್ಮ ಚಹಾದ ಬಸಿಯನ್ನು ಕೆಳಗಿಟ್ಟರು. "ಆಮ್ಯಾಲಂದ್ರ? ನನ್ನ ಪಾಳಿ ಯಾರಿಗೆ ಕೊಟ್ಟಿ?"

"ಯಾರಿಗೂ ಇಲ್ರಿ. ಗುಳಗಿ ತಗೊಂಡೇನಿ."

"ಯಾರ ಮನ್ಯಾಗ ತಗೊಂಡಿ?"

"ನಮ್ಮನ್ಯಾಗ್ರಿ."

"ಅಂದ್ರ ಪಾಳಿ ನಿಮ್ಮನಿಗೆ ಹೋತು. ನಿನಗ ಹೊಲಾನ ಇಲ್ಲಲ್ಲೋ ಗುರಣ್ಣಾ, ನೀರ ತಗೊಂಡ ಏನ ಮಾಡ್ತಿ?"

ಗುರಣ್ಣ ಚಹಾ ಕುಡಿದ. ಮರುದಿನ ಇನ್ನೊಂದು ಮನೆಯಲ್ಲಿ, ಅದರ ಮರುದಿನ ಮತ್ತೊಂದರಲ್ಲಿ. ಗುಳಗಿಯ ಬೆನ್ನಿಗೇ ಚಹಾ, ಕೆಲವು ದಿನ ಚಹಾದೊಂದಿಗೇ ಗುಳಗಿ, ಕೆಲವು ದಿನ ಗುಳಗಿ ಮರೆತು ಬರೀ ಚಹಾ. ಬಾವು ಇದ್ದಲ್ಲೇ ಇತ್ತು, ಸ್ವೆಟರೂ ಇದ್ದಲ್ಲೇ ಇತ್ತು. ನಿದ್ದೆ ಮಾತ್ರ ಬೆಳೆಯುತ್ತ ಹೋಯಿತು. ಮಾತಿನ ನಡುವೆ ಮಲಗುತ್ತಿದ್ದ. ಎದ್ದ ಮೇಲೆ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದ, ಎದುರಿನವರು ಬೇರೆಯಾಗಿರುತ್ತಿದ್ದರು ಅಷ್ಟೇ.

ಒಂದು ಮಧ್ಯಾಹ್ನ ಗಾಲಿಗೆ ತಲೆಯಾನಿಸಿ ಮಲಗಿದವನು ಗೇಟು ಇಳಿಸಲೇ ಇಲ್ಲ. ಕಾಲುವೆ ಒಡೆದು ನೀರೆಲ್ಲ ನನ್ನ ಉಳ್ಳಾಗಡ್ಡಿಗೆ ನುಗ್ಗಿತು. ಸಸಿಗಳು ಸಾಲು ಹಿಡಿದು ತೇಲಿಕೊಂಡು ಪಕ್ಕದವರ ಹೊಲಕ್ಕೆ ಹೋಗಿ ಅಲ್ಲಿ ನೆಲೆಯೂರಿದವು. ಇಲಾಖೆಯ ಎಂಜಿನಿಯರು ಬಂದು, ಇನ್ನೊಮ್ಮೆ ಗೇಟಿನ ಮೇಲೆ ನಿದ್ದೆ ಹೋದರೆ ಬೇರೆಯವನನ್ನು ಇಡುವುದಾಗಿ ಹೇಳಿಹೋದ.

ಸಂಜೆ ಯಶೋಧಾ ನಮ್ಮ ಮನೆಗೆ ಬಂದಳು. "ಗುಳಗಿ ಚಾದಾಗ ಹಾಳಾಗಿ ಹೊಂಟೈತಂತ್ರಿ, ಮೈಗೆ ಹತ್ತವಲ್ದಂತ. ಮೇಡಂ ಬೈದ ಕಳಿಸ್ಯಾರ. ಗುಳಗಿ ಸರಿ ತಗೊಂಡ್ರ ಮಂದಿ ಸಿಟ್ಟಾಗ್ತಾರ, ತಗೋಳಿಲ್ಲಂದ್ರ ಗೇಟ ಹೋಗ್ತೈತಿ. ಗೇಟ ಹೋದ್ರ ಇವರ ಏನ ತಿರುವ್ಯಾರ್ರಿ ಮಾಸ್ತರ? ಮನ್ಯಾಗ ಬೀಸೂಕಲ್ಲಷ್ಟ ಐತಿ."

ನನ್ನ ಉಳ್ಳಾಗಡ್ಡಿಯ ದುಃಖ ಬದಿಗಿಟ್ಟು ಬೇವಿನ ಕಟ್ಟೆಯ ಮೇಲೆ ಸಭೆ ಸೇರಿಸಿದೆ. ಅಲ್ಲಿ ನನಗೊಂದು ವಿಚಾರ ಹೊಳೆಯಿತು. ನನಗೆ ವಿಚಾರ ಹೊಳೆದಾಗಲೆಲ್ಲ ನನ್ನ ಹೆಂಡತಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾಳೆ; ಅಂದು ಅವಳು ತವರಿಗೆ ಹೋಗಿದ್ದಳು. "ಚಹಾ ಬದಲಿಗೆ ಗುಳಗೀನ ಹಿಡೀರಿ," ಎಂದೆ. "ಯಾರ ಪಾಳಿಯೋ ಅವರ ಮನಿ ನೀರಾಗ ಗುರಣ್ಣ ಗುಳಗಿ ನುಂಗಲಿ. ಅದನ್ನ ಮೊದಲನೇ ಚಾ ಅಂತ ತಿಳೀರಿ."

ಸಾಬರು ಮಾಳಿಂಗನನ್ನು ನೋಡಿದರು, ಮಾಳಿಂಗ ಸಾಬರನ್ನು ನೋಡಿದ. ಕಾಲುವೆಯ ತಲೆ ಮತ್ತು ಬಾಲ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ನಾನು ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡೆ.

ಗುಳಗಿಯ ಪಾಳಿ ಶುರುವಾಯಿತು. ಮುನ್ನಾದಿನ ಪಾಳಿಯವರು ಯಶೋಧಾಳಿಂದ ಒಂದು ಗುಳಗಿ ಇಸಿದುಕೊಂಡು, ಅಂಗೈಯಲ್ಲಿ ಮುಚ್ಚಿಕೊಂಡು, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಮನೆಗೆ ಒಯ್ಯುತ್ತಿದ್ದರು. ಅಮೀನಾಬಿ ಅದನ್ನು ಹಿತ್ತಾಳೆ ತಟ್ಟೆಯ ನಡುವೆ ಇಟ್ಟು, ಕಸೂತಿಯ ಬಟ್ಟೆ ಮುಚ್ಚಿ ತಂದರು. ಬಟ್ಟೆ ತೆಗೆದ ಮೇಲೆ ಎಲ್ಲರೂ ಬಗ್ಗಿ ಹುಡುಕಿ ನೋಡಬೇಕಾಯಿತು.

ಅಲ್ಲೇ ತೊಡಕು ಹುಟ್ಟಿದ್ದು. "ಇಷ್ಟ ಸಣ್ಣದ ಕೊಟ್ಟ ಕಳಿಸೂದಂದ್ರ ಮಂದಿ ಏನಂತಾರ್ರಿ?" ಎಂದು ಅಮೀನಾಬಿ ಕೊರಗಿದರು. "ಅದೂ ಅವರ ಮನೀ ಗುಳಗೀನ ಅವರಿಗೇ ಕೊಡೂದು." ಸಾಬರಿಗೂ ನಾಚಿಕೆಯಾಯಿತು. ಎರಡನೆಯ ಪಾಳಿಗೆ ಅವರು ವಿಜಯಪುರದಿಂದ ತಮ್ಮದೇ ಗುಳಗಿ ತರಿಸಿದರು, ಗುರಣ್ಣನದರ ಎರಡು ಪಟ್ಟು ಕಸುವಿನದು. ಸುದ್ದಿ ಕಾಲುವೆಯ ಗುಂಟ ಬಾಲಕ್ಕೆ ಮುಟ್ಟಿತು. ನೀರಿಗಿಂತ ಬೇಗ ಮುಟ್ಟಿತು. ಮಾಳಿಂಗ ಸಿಂದಗಿ ಸಂತೆಗೆ ಹೋದವನು ಔಷಧ ಅಂಗಡಿಯಲ್ಲಿ "ಅದರಾಗ ಜಬರದಸ್ತ ಇದ್ದದ್ದ ಕೊಡ್ರಿ" ಎಂದು ಕೇಳಿ ತಂದು, ತನ್ನ ಪಾಳಿಗೆ ಎರಡು ನುಂಗಿಸಿದ. ಉಳಿದವರು ಬಡವರೇನೂ ಆಗಿರಲಿಲ್ಲ. ಗುರಣ್ಣ ಕೊಟ್ಟದ್ದನ್ನೆಲ್ಲ ನುಂಗಿದ. ನನ್ನ ಪಾಳಿಯ ದಿನ ನಾನು ಅವನದೇ ಗುಳಗಿ ಕೊಟ್ಟೆ, ಅದು ಜಿಪುಣತನವೆಂದು ಊರು ಆಡಿಕೊಂಡಿತು.

ಎರಡು ತಿಂಗಳಲ್ಲಿ ಗುರಣ್ಣ ಬೇರೆ ಮನುಷ್ಯನಾದ. ಸ್ವೆಟರ್ ಹೋಯಿತು, ಅಂಗಿಯ ಗುಂಡಿಗಳು ಬಿಚ್ಚಿಕೊಂಡವು, ಎದೆ ತೋಯುವಂತೆ ಬೆವರತೊಡಗಿದ. ಮಾತು ಗಿರಣಿಯ ಹಿಟ್ಟಿನಂತೆ ಸುರಿಯತೊಡಗಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಾಲುವೆಯ ದಂಡೆಯ ಮೇಲೆ ತಲೆಯಿಂದ ಬಾಲಕ್ಕೆ, ಬಾಲದಿಂದ ತಲೆಗೆ ಓಡಾಡಿದ. ಗೇಟು ಹೊತ್ತಿಗೆ ಸರಿಯಾಗಿ ಏರಿತು, ಹೊತ್ತಿಗೆ ಸರಿಯಾಗಿ ಇಳಿಯಿತು. ಮಾಳಿಂಗನ ತೊಗರಿಗೆ ಮೊಟ್ಟಮೊದಲ ಬಾರಿಗೆ ನೀರು ಹೋಯಿತು. ಮಾಳಿಂಗ ಅದನ್ನು ನೋಡುತ್ತ ನಿಂತು, ಮೇಲೆಲ್ಲೋ ಯಾರದೋ ಪೈಪು ಒಡೆದಿದೆ ಎಂದು ತಿಳಿದು ಹೇಳಿಬರಲು ಓಡಿದನಂತೆ.

ಊರು ಎರಡು ಪಕ್ಷವಾಯಿತು.

"ಮೊದಲಿನ ಗುರಣ್ಣ ಛಲೋ ಇದ್ದ," ಎನ್ನುತ್ತಿದ್ದರು ಶಹಾಬುದ್ದೀನಸಾಬರು. "ಗೇಟ ಏರಿಸಿ ಮಲಗಿದ್ರ ಪಾಳಿ ಮುಗದ್ರೂ ನನ್ನ ಕಬ್ಬ ಹೊಟ್ಟಿತುಂಬ ಕುಡೀತಿತ್ತು. ಪಾಪ, ಅವಂಗೂ ವಿಶ್ರಾಂತಿ ಬೇಕಲ್ಲ. ಗುಳಗಿ ಕಡಿಮಿ ಮಾಡಬೇಕು."

"ಒಂದ ಚೂರೂ ಕಡಿಮಿ ಮಾಡಾಕ ಬಿಡಂಗಿಲ್ಲ," ಎಂದು ಮಾಳಿಂಗ ಸವಾಲು ಹಾಕಿದ. "ಬೇಕಾದ್ರ ಸುಗ್ಗಿ ಮುಗಿದ ಮ್ಯಾಲ ಮಲಗಲಿ."

ಈ ನಡುವೆ ಯಶೋಧಾ ಮತ್ತೆ ನನ್ನ ಬಾಗಿಲಿಗೆ ಬಂದಳು. ಈ ಸಲ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಎದಿ ಮ್ಯಾಲ ಕೈ ಇಟ್ರ ಮೋಟರ ಹಚ್ಚಿದಂಗ ಹೊಡ್ಕೊಳಾಕತ್ತೈತ್ರಿ. ಇವತ್ತ ಗಾಲಿ ತಿರುವೂ ಮುಂದ ಕಣ್ಣಿಗೆ ಕತ್ತಲಿ ಬಂದು ಕಾಲುವ್ಯಾಗ ಬೀಳಾವ್ರಿದ್ರು. ಹಿಡಕೊಂಡ ಉಳದಾರ."

ಬಾಗೇವಾಡಿಗೆ ಹೊರಟ ಟೆಂಪೊದಲ್ಲಿ ಗುರಣ್ಣ, ಯಶೋಧಾ, ನಾನು ಇದ್ದೆವು. ಹಿಂದಿನ ಸೀಟಿನಲ್ಲಿ ಸಾಬರೂ ಮಾಳಿಂಗನೂ ಬೆನ್ನಿಗೆ ಬೆನ್ನು ಮಾಡಿ ಕುಳಿತಿದ್ದರು. ಇಬ್ಬರಿಗೂ ಡಾಕ್ಟರೊಂದಿಗೆ ಮಾತಾಡುವುದಿತ್ತು.

ಡಾಕ್ಟರ್ ಬುಶ್ರಾ ನಾಡಿ ಹಿಡಿದು ಗಡಿಯಾರ ನೋಡಿದರು. ಗುರಣ್ಣನ ಚಾಚಿದ ಬೆರಳುಗಳು ಗಾಳಿಗೆ ಸಿಕ್ಕ ಬೇವಿನೆಲೆಯಂತೆ ನಡುಗುತ್ತಿದ್ದವು.

"ದಿನಕ್ಕ ಎಷ್ಟ ಗುಳಗಿ ತಗೊಳ್ಳಾಕತ್ತೀರಿ?"

"ಪಾಳಿಯವರು ಕೊಟ್ಟಷ್ಟ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಾಬರು ಅದನ್ನು ಮಾತಿಗೆ ಅನುಮತಿ ಎಂದು ತಿಳಿದರು. "ಅರ್ಧಾ ಮಾಡಿಬಿಡ್ರಿ ಬೇಟಿ. ಸಣ್ಣಂಗ ನಿದ್ದಿ ಬರುವಷ್ಟ ಇರಲಿ."

"ಅರ್ಧಾ ಬ್ಯಾಡ್ರಿ ಮೇಡಂ," ಎಂದು ಮಾಳಿಂಗ ಮುಂದೆ ಬಂದ. "ಮುಕ್ಕಾಲಿಗೆ ಮುಗಸೂಣು. ನಿಮ್ಮ ಮಾತೂ ಉಳೀಲಿ, ನನ್ನ ತೊಗರೀನೂ ಉಳೀಲಿ."

"ಇಲ್ಲೇನ ಕುರಿ ಯಾಪಾರ ನಡದೈತೇನು?" ಡಾಕ್ಟರು ಧ್ವನಿ ಏರಿಸಲಿಲ್ಲ. "ಇದು ಅವರ ಗಂಟಲ, ನಿಮ್ಮ ಕಾಲುವಿ ಅಲ್ಲ. ಇನ್ನೊಂದಷ್ಟ ದಿನಾ ಎದಿ ಹಿಂಗ ಹೊಡಕೊಂಡ್ರ ಗೇಟಿನ ಮ್ಯಾಲ ಬೀಳ್ತಾರ. ಆಗ ಎಬ್ಬಸಾಕ ಬರಂಗಿಲ್ಲ."

ನನ್ನ ವಿಚಾರ ನನಗೇ ನೆನಪಾಗಿ, ನಾನು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಡಾಕ್ಟರು ಗುರಣ್ಣನ ಕಡೆ ತಿರುಗಿ, ಕೆಲವು ದಿನ ಗುಳಗಿ ನಿಲ್ಲಿಸಿ, ಹೃದಯದ ಪರೀಕ್ಷೆ ಮಾಡಿಸಿ, ಆಮೇಲೆ ತಾವು ಬರೆದುಕೊಟ್ಟ ಪ್ರಮಾಣವನ್ನಷ್ಟೇ ಶುರು ಮಾಡಬೇಕೆಂದರು. ಮತ್ತೆ ಕೇಳಿದರು, "ನಾಳೆ ಇವರು ಗುಳಗಿನೋ ಚಾನೋ ಮುಂದಿಟ್ರ ಏನಂತೀರಿ?"

ಗುರಣ್ಣ ಸಾಬರನ್ನು ನೋಡಿದ. ಮಾಳಿಂಗನನ್ನು ನೋಡಿದ. ಬಾವು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಒಲ್ಲೆ," ಎಂದ.

ಅಷ್ಟು ಮೆಲ್ಲಗೆ ಅಂದನೆಂದರೆ ಡಾಕ್ಟರು "ಇನ್ನೊಮ್ಮೆ ಅನ್ರಿ" ಎನ್ನಬೇಕಾಯಿತು. ಇನ್ನೊಮ್ಮೆ ಅಂದ. ಯಶೋಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ.

ಎದೆಬಡಿತ ಹದಕ್ಕೆ ಬಂದು, ಡಾಕ್ಟರ ಪ್ರಮಾಣದ ಗುಳಗಿ ಶುರುವಾಗಿ, ಗುರಣ್ಣ ಮತ್ತೆ ಗಾಲಿ ಹಿಡಿದ ದಿನ ಪಾಳಿ ಮಾಳಿಂಗನದಾಗಿತ್ತು. ಮನೆಯಲ್ಲೇ ಗುಳಗಿ ನುಂಗಿ, ಯಾರ ಹೊಸ್ತಿಲೂ ತುಳಿಯದೆ ನೇರ ಗೇಟಿಗೆ ಬಂದ. ಚಹಾ ಕುಡಿಯದೆ ಎತ್ತಿದ ಗೇಟಿನಿಂದ ನೀರು ಬರುತ್ತದೋ ಇಲ್ಲವೋ ನೋಡಲು ಊರೇ ದಂಡೆಯ ಮೇಲೆ ನಿಂತಿತ್ತು. ಮಾಳಿಂಗ ಚಹಾದ ಲೋಟ ಹಿಡಿದು ಎದುರು ನಿಂತ.

"ಒಂದ ಗುಟಕರ ಕುಡಿ ದೋಸ್ತ. ನನ್ನ ಪಾಳಿ ಹುಸಿ ಹೋಗ್ತೈತಿ."

"ಒಲ್ಲೆ."

ಗುರಣ್ಣ ಗಾಲಿ ತಿರುಗಿಸಿದ. ನೀರು ಬಂತು. ಶಹಾಬುದ್ದೀನಸಾಬರು ಬಗ್ಗಿ ಅದರಲ್ಲಿ ಬೆರಳದ್ದಿ ನೋಡಿದರು. "ನೀರ ಬಂದದ್ದ ಖರೆ," ಎಂದರು, "ಆದ್ರ ಇದಕ್ಕ ಕಸುವು ಇರಂಗಿಲ್ಲ." ಕಸುವಿಲ್ಲದ ನೀರು ಮಾಳಿಂಗನ ತೊಗರಿಯ ತನಕ ಹೋಯಿತು. ಮಾಳಿಂಗ ಲೋಟವನ್ನು ಏನು ಮಾಡುವುದೆಂದು ತಿಳಿಯದೆ ಸಾಬರ ಕೈಗೆ ಕೊಟ್ಟ. ಸಾಬರು ಅದನ್ನು ಕುಡಿದರು.

ಬಾವು ಪೂರ್ತಿ ಹೋಗಿಲ್ಲ. ಹೋಗಲೇಬೇಕೆಂದೇನೂ ಇಲ್ಲ, ಅಳತೆಯಲ್ಲಿದ್ದರೆ ಸಾಕೆಂದು ಡಾಕ್ಟರು ಹೇಳಿದ್ದಾರೆ. ಆಗಾಗ ಪರೀಕ್ಷೆಗೆ ರಕ್ತ ಕೊಟ್ಟುಬರುತ್ತಾನೆ. ಗೇಟು ಅವನದೇ ಕೈಯಲ್ಲಿದೆ.

ಮತ್ತೆ ಗಾಲಿ ಹಿಡಿದ ಆ ದಿನ ಜನ ಕರಗಿದ ಮೇಲೆ ಗುರಣ್ಣ ಗೇಟಿನ ಕಟ್ಟೆಯ ಮೇಲೆ ಗುಳಗಿಯ ತಾಸು ತುಂಬುವುದನ್ನು ಕಾಯುತ್ತ ಕುಳಿತಿದ್ದ. ನಾನೂ ಪಕ್ಕದಲ್ಲಿ ಕುಳಿತೆ. ಹೊತ್ತಾದಾಗ ಯಶೋಧಾ ತುಂಬಿಕೊಟ್ಟ ಥರ್ಮಾಸಿನಿಂದ ಚಹಾ ಬಗ್ಗಿಸಿ, ಮುಚ್ಚಳದಲ್ಲಿ ನನಗೆ ಅರ್ಧ ಕೊಟ್ಟ. ಕುಡಿದು ಮನೆಗೆ ಬಂದೆ. ಸಂಜೆಯೊಳಗೆ ಊರಲ್ಲಿ ಸುದ್ದಿ ಹಬ್ಬಿತ್ತು: ಗುರಣ್ಣ ತಾನಾಗಿ ಮಾಸ್ತರನಿಗೆ ಚಹಾ ಕುಡಿಸಿದ್ದಾನೆ, ಇನ್ನು ನೀರೆಲ್ಲ ಉಳ್ಳಾಗಡ್ಡಿಗೇ.

ಮರುದಿನ ನಸುಕಿನಲ್ಲಿ ನಾನು ಗೇಟಿಗೆ ಹೋದಾಗ ಕಟ್ಟೆಯ ಸುತ್ತ ಜನ ಸೇರಿದ್ದರು. ಸಾಬರ ಕೈಯಲ್ಲಿ ಪಿಂಗಾಣಿ ಕಪ್ಪು, ಮಾಳಿಂಗನ ಕೈಯಲ್ಲಿ ಸ್ಟೀಲಿನ ಲೋಟ. ಉಳಿದವರೂ ತಮ್ಮ ತಮ್ಮ ಮನೆಯಿಂದ ಖಾಲಿ ಕಪ್ಪು ಬಸಿ ತಂದಿದ್ದರು. ಗುರಣ್ಣ ಗಾಲಿಯಿಂದ ಕೈ ತೆಗೆದು ಎಲ್ಲರನ್ನೂ ಒಮ್ಮೆ ನೋಡಿದ.

"ಇನ್ನ ಅರ್ಧಾ ತಾಸ ಐತಿ," ಎಂದ. "ಕುಂಡರ್ರಿ."

ಎಲ್ಲರೂ ಕುಳಿತೆವು.